ಓದುಗರ ಪ್ರಶ್ನೆ: ವರ್ಚುವಲ್ ರ‍್ಯಾಮ್ ಹೆಚ್ಚಿಸಿಕೊಂಡರೆ ಫೋನ್ ವೇಗವಾಗುತ್ತದೆಯೇ?

ಪ್ರಶ್ನೆ: ನನ್ನದು 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರುವ ಆಂಡ್ರಾಯ್ಡ್ ಫೋನ್. ಸೆಟ್ಟಿಂಗ್ಸ್‌ನಲ್ಲಿ ಇನ್ನೂ 4 ಜಿಬಿ ರ‍್ಯಾಮ್ ಸೇರಿಸಿಕೊಳ್ಳುವ ಆಯ್ಕೆಯಿದೆ. ಅದನ್ನು ಆನ್ ಮಾಡಿದರೆ 8 ಜಿಬಿ ಫೋನಿನಂತೆ ಓಡುತ್ತದೆಯೇ?

ಉತ್ತರ: ಇಲ್ಲ. ವರ್ಚುವಲ್ ರ‍್ಯಾಮ್ ಎಂದು ಹೆಚ್ಚುವರಿಯಾಗಿ ಕಾಣುವ ಆ 4 ಜಿಬಿ, ತೆರೆದ ಆ್ಯಪ್‌ಗಳು ಕೆಲಸ ಮಾಡುವ ವೇಗದ ಮೆಮೊರಿಯಾದ ರ‍್ಯಾಮೇ ಅಲ್ಲ. ನಿಮ್ಮ ಫೋಟೊ, ವಿಡಿಯೊಗಳಿರುವ 64 ಜಿಬಿ ಸ್ಟೋರೇಜ್‌ನಿಂದಲೇ ತೆಗೆದಿಟ್ಟ ಜಾಗ. ಕಡಿಮೆ ಬೆಲೆಯ ಹಲವು ಫೋನುಗಳಲ್ಲಿರುವ ಇಎಂಎಂಸಿ 5.1 ಮಾದರಿಯ ಸ್ಟೋರೇಜ್ ಸೆಕೆಂಡಿಗೆ ಹೆಚ್ಚೆಂದರೆ 400 ಎಂಬಿ ಸಾಗಿಸಬಲ್ಲದು, ಅದೂ ಕಾಗದದ ಮೇಲಿನ ಲೆಕ್ಕ. ರ‍್ಯಾಮ್ ಸೆಕೆಂಡಿಗೆ ಹಲವಾರು ಜಿಬಿಗಳನ್ನು ಸಾಗಿಸುತ್ತದೆ. ಪೆಟ್ಟಿಗೆಯ ಮೇಲೆ ‘4+4’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಈ ಅಂತರ ಮುಚ್ಚಿಹೋಗುವುದಿಲ್ಲ.

ಹಾಗೆಂದು ಆ ಆಯ್ಕೆ ಪೂರ್ತಿ ಬೊಗಳೆಯೂ ಅಲ್ಲ. ಆನ್‌ಲೈನ್ ಅರ್ಜಿ ತುಂಬುವಾಗ ಒಟಿಪಿ ನೋಡಲು ಮೆಸೇಜ್‌ಗೆ ಹೋಗಿ ಮರಳುವಷ್ಟರಲ್ಲಿ, ಬ್ರೌಸರ್‌ನ ಪುಟ ಮೊದಲಿನಿಂದ ತೆರೆದುಕೊಂಡು, ಬರೆದದ್ದೆಲ್ಲ ಮಾಯವಾಗುವುದನ್ನು ನೀವು ಕಂಡಿರಬಹುದು. ರ‍್ಯಾಮ್ ಸಾಲದಾದಾಗ ಹಿಂಬದಿಯಲ್ಲಿರುವುದನ್ನು ಆಂಡ್ರಾಯ್ಡ್ ಮುಚ್ಚಿಬಿಡುವುದೇ ಇದಕ್ಕೆ ಸಾಮಾನ್ಯ ಕಾರಣ. ಮುಚ್ಚುವ ಸ್ಥಿತಿ ಬಾರದಿರಲೆಂದು ಅದು ಸದ್ಯಕ್ಕೆ ಬೇಡದ ದತ್ತಾಂಶವನ್ನು ರ‍್ಯಾಮ್‌ನೊಳಗೇ ಕುಗ್ಗಿಸಿ ಇಡುತ್ತದೆ. ಝಡ್‌ರ‍್ಯಾಮ್ ಎಂಬ ಈ ಏರ್ಪಾಡಿಗೆ ನೀವು ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ವರ್ಚುವಲ್ ರ‍್ಯಾಮ್ ಇದ್ದರೆ ಆ ದತ್ತಾಂಶದಲ್ಲಿ ಒಂದಷ್ಟು ಸ್ಟೋರೇಜ್‌ಗೆ ಇಳಿಯುವುದರಿಂದ, ನಿಮ್ಮ ಅರ್ಜಿ ಉಳಿದುಕೊಳ್ಳುವ ಸಾಧ್ಯತೆ ತುಸು ಹೆಚ್ಚುತ್ತದೆ. ಆದರೆ ಅದನ್ನು ಮತ್ತೆ ಮೇಲಕ್ಕೆ ತರುವಾಗ ಫೋನ್ ಕೊಂಚ ತಡವರಿಸುತ್ತದೆ. ದೊಡ್ಡ ಗೇಮ್ ಒಂದಕ್ಕೇ 4 ಜಿಬಿ ಸಾಲದಿದ್ದಾಗಲಂತೂ ಈ ತಡವರಿಕೆಯೇ ಮೇಲುಗೈ ಪಡೆಯುತ್ತದೆ. ಜೊತೆಗೆ, ಫೋನಿನಲ್ಲಿರುವ ಫ್ಲ್ಯಾಶ್ ಮಾದರಿಯ ಸ್ಟೋರೇಜ್ ಇಷ್ಟು ಬಾರಿ ಮಾತ್ರ ಬರೆಸಿಕೊಳ್ಳಬಲ್ಲದು ಎಂಬ ಮಿತಿಯೂ ಇದೆ; ವರ್ಚುವಲ್ ರ‍್ಯಾಮ್ ಅದರ ಮೇಲೆ ಮತ್ತೆ ಮತ್ತೆ ಬರೆಯುತ್ತಿರುತ್ತದೆ.

ನಿಮ್ಮ ಫೋನಿನಲ್ಲಿ ಮೊದಲು ನೋಡಬೇಕಾದದ್ದು ಸ್ಟೋರೇಜ್ ಎಷ್ಟು ಖಾಲಿಯಿದೆ ಎಂಬುದನ್ನು. ಫ್ಲ್ಯಾಶ್‌ನಲ್ಲಿ ಹೊಸದನ್ನು ಬರೆಯಲು ಹಳೆಯ ಬ್ಲಾಕ್‌ಗಳನ್ನು ಅಳಿಸಿ ಅಣಿಗೊಳಿಸಬೇಕಾಗುವುದರಿಂದ, ಭರ್ತಿಯಾದ ಸ್ಟೋರೇಜ್ ತಾನೇ ಫೋನನ್ನು ನಿಧಾನಗೊಳಿಸುತ್ತದೆ. 64ರಲ್ಲಿ ಹತ್ತು ಜಿಬಿಯೂ ಉಳಿದಿಲ್ಲವೆಂದಾದರೆ, ನನ್ನ ಅಭಿಪ್ರಾಯದಲ್ಲಿ, ವರ್ಚುವಲ್ ರ‍್ಯಾಮ್ ಆಫ್ ಮಾಡಿ ಫೋನ್ ರೀಸ್ಟಾರ್ಟ್ ಮಾಡುವುದೇ ಲೇಸು. ಬಳಿಕ ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಣೆಯ ಪುಟ ತೆರೆಯಿರಿ: 5 ಎಂಬಿಗಿಂತ ದೊಡ್ಡ ಫೈಲುಗಳೂ ಹಲವು ಬಾರಿ ಫಾರ್ವರ್ಡ್ ಆದವೂ ಅಲ್ಲಿ ಪ್ರತ್ಯೇಕವಾಗಿ ಸಿಗುತ್ತವೆ. ಕುಟುಂಬದ ಗ್ರೂಪಿನ ಶುಭೋದಯದ ವಿಡಿಯೊಗಳೇ ಎಷ್ಟೋ ಜಿಬಿ ನುಂಗಿರುತ್ತವೆ.

ರೀಸೆಂಟ್ಸ್ ಪರದೆಯಿಂದ ಆ್ಯಪ್‌ಗಳನ್ನು ಆಗಾಗ ಸರಿಸಿ ಮುಚ್ಚುವ ಅಭ್ಯಾಸವಿದ್ದರೆ ಅದನ್ನು ಬಿಡಬಹುದು. ಅವುಗಳನ್ನು ಮತ್ತೆ ಮೊದಲಿನಿಂದ ತೆರೆಯಲು ಪ್ರೊಸೆಸರ್ ಹೆಚ್ಚು ದುಡಿಯಬೇಕಾಗುತ್ತದೆ, ಬ್ಯಾಟರಿಯೂ ಹೆಚ್ಚು ಖರ್ಚಾಗುತ್ತದೆ.