ಆಲ್ಬಮ್ ಕವರ್ ಓದುವಾಗ ಕೇಳಬೇಕಾದ ಒಂದು ಪ್ರಶ್ನೆ

ಯಾವ ಕವರ್ ನೋಡಿದರೂ ಮೊದಲು ಇದನ್ನು ಕೇಳಿ: ಈ ಚಿತ್ರ ಇದಕ್ಕೂ ಮುಂಚೆ ಎಲ್ಲಿತ್ತು? ಹೆಸರಾದ ಎಷ್ಟೋ ಕವರ್‌ಗಳು ಬೇರೆ ಕಡೆಯಿಂದ ಎತ್ತಿಕೊಂಡವು.

ಬ್ರಿಟನ್ನಿನ ಪಂಕ್ ರಾಕ್ ತಂಡ ದ ಕ್ಲ್ಯಾಶ್‌ನ ‘ಲಂಡನ್ ಕಾಲಿಂಗ್’ (1979) ಆಲ್ಬಮ್ ತಗೊಳ್ಳಿ. ಪಕ್ಕದಲ್ಲಿ ಎಲ್ವಿಸ್ ಪ್ರೀಸ್ಲಿಯ 1956ರ ಮೊದಲ ಆಲ್ಬಮ್ ಇಟ್ಟುಕೊಂಡರೇನೇ ಮಜಾ. ಎರಡರಲ್ಲೂ ಕಪ್ಪು-ಬಿಳುಪು ಫೋಟೊ, ಎಡಗಡೆ ಉದ್ದಕ್ಕೂ ಗುಲಾಬಿ ಅಕ್ಷರ, ಕೆಳಗೆ ಅಡ್ಡಲಾಗಿ ಹಸಿರು ಅಕ್ಷರ. ವಿನ್ಯಾಸ ಮಾಡಿದ ರೇ ಲೋರಿ ಎಲ್ಲರಿಗೂ ಗೊತ್ತಾಗಲಿ ಅಂತಲೇ ಹೀಗೆ ಮಾಡಿದ್ದು. ಈಗ ಫೋಟೊ ನೋಡಿ. ಎಲ್ವಿಸ್ ಬಾಯಿ ತುಂಬಾ ಹಾಡುತ್ತಾ ಗಿಟಾರ್ ಬಾರಿಸುತ್ತಿದ್ದಾರೆ. ‘ಲಂಡನ್ ಕಾಲಿಂಗ್’ನಲ್ಲಿ ತಂಡದ ಬೇಸ್ ವಾದಕ ಪಾಲ್ ಸಿಮೊನನ್ ಬೆನ್ನು ಬಗ್ಗಿಸಿ, ಬೇಸ್ ಗಿಟಾರನ್ನು ಎರಡೂ ಕೈಯಲ್ಲಿ ಹಿಡಿದು, ಒನಕೆಯ ಹಾಗೆ ನೆಲಕ್ಕೆ ಕುಟ್ಟುತ್ತಿದ್ದಾರೆ, ಮುಖ ಸರಿಯಾಗಿ ಕಾಣುವುದೂ ಇಲ್ಲ. ಜಾಗ ನ್ಯೂಯಾರ್ಕಿನ ಪಲೇಡಿಯಂ ಸಭಾಂಗಣ, 1979ರ ಸೆಪ್ಟೆಂಬರ್. ಪ್ರೇಕ್ಷಕರನ್ನು ಸೀಟಿನಿಂದ ಏಳಲು ಬಿಡುತ್ತಿರಲಿಲ್ಲ ಅನ್ನೋದೇ ಅವರ ಸಿಟ್ಟು. ಫೋಟೊ ತೆಗೆದ ಪೆನ್ನಿ ಸ್ಮಿತ್, ಫೋಕಸ್ ಸರಿಯಿಲ್ಲ, ಇದು ಬೇಡ ಅಂದರು. ತಂಡದ ಹಾಡುಗಾರ ಜೋ ಸ್ಟ್ರಮ್ಮರ್ ಇದೇ ಬೇಕು ಅಂತ ಹಟ ಹಿಡಿದರು. ನಾನು ಸ್ಟ್ರಮ್ಮರ್ ಕಡೆ. ಮಸುಕಾಗಿರೋದ್ರಿಂದಲೇ ಆ ಏಟಿನ ರಭಸ ಗೊತ್ತಾಗುತ್ತೆ, ಅಲ್ವಾ?

ಅದೇ ವರ್ಷ ಬಂದ, ಬ್ರಿಟನ್ನಿನದೇ ಇನ್ನೊಂದು ತಂಡ ಜಾಯ್ ಡಿವಿಷನ್‌ನ ‘ಅನ್‌ನೋನ್ ಪ್ಲೆಷರ್ಸ್’ ಎತ್ತಿಕೊಂಡದ್ದು ಖಗೋಳ ವಿಜ್ಞಾನದ ವಿಶ್ವಕೋಶದಿಂದ. ಬೆಟ್ಟಸಾಲಿನ ಥರ ಕಾಣುವ ಆ ಗೆರೆಗಳು 1967ರಲ್ಲಿ ಜೋಸೆಲಿನ್ ಬೆಲ್ ಕಂಡುಹಿಡಿದ ಪಲ್ಸಾರ್‌ನ, ಅಂದರೆ ಗರಗರ ತಿರುಗುತ್ತಾ ರೇಡಿಯೊ ಅಲೆ ಬಿಡುವ ನಕ್ಷತ್ರದ, ರೇಡಿಯೊ ಮಿಡಿತಗಳು. ಒಂದೊಂದು ಗೆರೆ ಒಂದೊಂದು ಮಿಡಿತ, ಒಂದರ ಕೆಳಗೊಂದು ಜೋಡಿಸಿದ್ದು. ಮೂಲದಲ್ಲಿ ಬಿಳಿ ಹಾಳೆ, ಕಪ್ಪು ಗೆರೆ. ಕವರ್ ವಿನ್ಯಾಸ ಮಾಡಿದ ಪೀಟರ್ ಸ್ಯಾವಿಲ್ ಅದನ್ನು ತಿರುಗಾಮುರುಗಾ ಮಾಡಿದರು, ಮುಂದುಗಡೆ ತಂಡದ ಹೆಸರನ್ನೂ ಹಾಕಲಿಲ್ಲ. ಈಗ ಅದು ಟೀ ಶರ್ಟ್ ಡಿಸೈನ್. ಹಾಕಿಕೊಂಡವರೆಲ್ಲ ಹಾಡು ಕೇಳಿರ್ತಾರೆ ಅಂತೇನಿಲ್ಲ.

ಹಿಪ್-ಹಾಪ್‌ಗೆ ಬಂದರೆ ಎತ್ತಿಕೊಳ್ಳೋದು ಇಷ್ಟು ಸಲೀಸಲ್ಲ. ರ‍್ಯಾಪರ್ ನಾಸ್‌ನ ‘ಇಲ್‌ಮ್ಯಾಟಿಕ್’ (1994) ಕವರ್‌ನಲ್ಲಿರೋದು ಅವರದೇ ಚಿಕ್ಕಂದಿನ ಫೋಟೊ. ತೆಗೆದವರು ಅಪ್ಪ, ಜಾಝ್ ಸಂಗೀತಗಾರ ಓಲು ದಾರಾ. ಆ ಮುಖದ ಹಿಂದೆ ನ್ಯೂಯಾರ್ಕಿನ ಬೀದಿ ಕಾಣುತ್ತೆ, ಹಾಡುಗಳಲ್ಲಿರೋದೂ ಆ ಊರಲ್ಲಿ ಅವರು ಬೆಳೆದ ಕ್ವೀನ್ಸ್‌ಬ್ರಿಡ್ಜ್ ವಸತಿ ಬಡಾವಣೆ. ಕೆಲವೇ ತಿಂಗಳಲ್ಲಿ ಇನ್ನೊಬ್ಬ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ.ಯ ‘ರೆಡಿ ಟು ಡೈ’ ಬಂತು, ಅದರ ಕವರ್‌ನಲ್ಲಿ ಪುಟ್ಟ ಮಗು. 1995ರಲ್ಲಿ ರ‍್ಯಾಪರ್ ರೇಕ್ವಾನ್ ತಮ್ಮ ಆಲ್ಬಮ್‌ನಲ್ಲಿ ಜೊತೆಗಾರ ಗೋಸ್ಟ್‌ಫೇಸ್ ಕಿಲ್ಲಾ ಜೊತೆ ಸೇರಿ, ಈ ಮಗುವಿನ ಕವರ್ ಮಾಡಿದವರು ನಾಸ್‌ನ ಕವರ್ ಕಾಪಿ ಹೊಡೆದಿದ್ದಾರೆ ಅಂತ ಹಾಡುಗಳ ನಡುವೆಯೇ ಮಾತಿನಲ್ಲಿ ಝಾಡಿಸಿದರು.