3 ಮೈಕ್ರೋಮೋಲಾರ್ ರಂಜಕ: ಆರ್ಸೆನಿಕ್ ಬ್ಯಾಕ್ಟೀರಿಯಾ ಪ್ರಕರಣದ ಅಧ್ಯಯನ ಟಿಪ್ಪಣಿ

ಹೊಸ ಜೀವವಿಜ್ಞಾನ ಸಂಶೋಧನೆಯನ್ನು ಆನ್‌ಲೈನಿನಲ್ಲಿ ಜನರಿಗೆ ತಿಳಿಸುವುದು ಹೇಗೆ, ಬಂದದ್ದನ್ನು ಓದುವುದು ಹೇಗೆ ಎಂದು ಕಲಿಯುವವರಿಗೆ ನಾನು ಮೊದಲು ಕೊಡುವ ಪ್ರಕರಣ 2010ರ ಆರ್ಸೆನಿಕ್ ಬ್ಯಾಕ್ಟೀರಿಯಾದ್ದು. ಪಿಯುಸಿ ಮಟ್ಟದ ಜೀವಶಾಸ್ತ್ರ, ರಸಾಯನಶಾಸ್ತ್ರ ಗೊತ್ತಿದ್ದರೆ ಸಾಕು, ಪೂರ್ತಿ ಅರ್ಥವಾಗುತ್ತದೆ. ಪೆನ್ನು, ಹಾಳೆ ಪಕ್ಕದಲ್ಲಿಟ್ಟುಕೊಳ್ಳಿ. ಮಧ್ಯದಲ್ಲಿ ಒಂದು ಲೆಕ್ಕ ಬರುತ್ತದೆ, ಅದನ್ನು ನೀವೇ ಮಾಡಿ ನೋಡಿದರೆ ಚೆನ್ನ.

ಮೊದಲು ಸ್ವಲ್ಪ ಹಿನ್ನೆಲೆ

ನಮಗೆ ಗೊತ್ತಿರುವ ಎಲ್ಲ ಜೀವಿಗಳಿಗೂ ರಂಜಕ, ಅಂದರೆ ಫಾಸ್ಫರಸ್, ಬೇಕೇ ಬೇಕು. ಡಿಎನ್‌ಎಯ ಬೆನ್ನೆಲುಬಿನಲ್ಲಿ ಸಕ್ಕರೆಯಿಂದ ಸಕ್ಕರೆಗೆ ಕೊಂಡಿ ಹಾಕುವುದು ಫಾಸ್ಫೇಟ್. ಆರ್‌ಎನ್‌ಎಯಲ್ಲೂ ಅದೇ. ಎಟಿಪಿಯಲ್ಲಿ ಮೂರು ಫಾಸ್ಫೇಟುಗಳಿವೆ. ಜೀವಕೋಶದ ಪೊರೆಯ ಕೊಬ್ಬಿನಲ್ಲೂ ಫಾಸ್ಫೇಟ್ ಇದೆ.

ಆವರ್ತಕ ಕೋಷ್ಟಕದಲ್ಲಿ ಫಾಸ್ಫರಸ್ ಕೆಳಗಿನ ಮನೆಯಲ್ಲೇ ಆರ್ಸೆನಿಕ್ ಇದೆ. ಎರಡೂ 15ನೇ ಗುಂಪಿನವು. ಆರ್ಸೆನೇಟ್ ಮತ್ತು ಫಾಸ್ಫೇಟ್ ಆಕಾರದಲ್ಲಿ ತುಂಬ ಹತ್ತಿರ. ಆರ್ಸೆನೇಟ್ ವಿಷವಾಗುವುದಕ್ಕೆ ಈ ಹೋಲಿಕೆಯೇ ಕಾರಣ. ಜೀವಕೋಶ ಅದನ್ನು ಫಾಸ್ಫೇಟ್ ಎಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಒಳಗಿನ ಕೆಲಸಗಳು ಕೆಡುತ್ತವೆ. ಹಾಗಾದರೆ ಫಾಸ್ಫೇಟ್ ಇರಬೇಕಾದ ಜಾಗದಲ್ಲಿ ಆರ್ಸೆನೇಟ್ ಇಟ್ಟುಕೊಂಡೇ ಬದುಕುವ ಜೀವಿ ಎಲ್ಲಾದರೂ ಇದ್ದೀತೇ? ಪ್ರಶ್ನೆ ಒಳ್ಳೆಯದೇ. ಇದನ್ನು ಕೇಳಿದವರನ್ನು ಹಗುರವಾಗಿ ಕಾಣಬಾರದು.

ಅಮೆರಿಕದ ಕ್ಯಾಲಿಫೋರ್ನಿಯಾದ ಪೂರ್ವ ಭಾಗದಲ್ಲಿ ಮೋನೋ ಎಂಬ ಸರೋವರವಿದೆ. ನೀರು ಹೊರಗೆ ಹರಿದುಹೋಗಲು ದಾರಿಯಿಲ್ಲ. ಹಾಗಾಗಿ ಉಪ್ಪು, ಕ್ಷಾರ, ಆರ್ಸೆನಿಕ್ ಎಲ್ಲ ಅಲ್ಲೇ ಕೂಡಿಕೊಂಡಿವೆ. ಫೆಲಿಸಾ ವುಲ್ಫ್-ಸೈಮನ್ ಮತ್ತು ಸಂಗಡಿಗರು ಅಲ್ಲಿನ ಕೆಸರಿನಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದರು. ಅದಕ್ಕೆ ಜಿಎಫ್‌ಎಜೆ-1 ಎಂದು ಹೆಸರಿಟ್ಟರು. ಫಾಸ್ಫೇಟ್ ಹಾಕದ, ಆರ್ಸೆನೇಟ್ ಧಾರಾಳವಾಗಿರುವ ದ್ರಾವಣದಲ್ಲೂ ಅದು ಬೆಳೆಯಿತು. ಡಿಎನ್‌ಎಯಲ್ಲೂ ಆರ್ಸೆನಿಕ್ ಸಿಕ್ಕಿದೆ ಎಂದು ಅವರು ಬರೆದರು.

2010ರ ನವೆಂಬರ್ ಕೊನೆಗೆ ನಾಸಾ ಈ ಸಂಶೋಧನೆಗಾಗಿ ಒಂದು ಪತ್ರಿಕಾಗೋಷ್ಠಿಯ ಸೂಚನೆ ಹೊರಡಿಸಿತು. ಭೂಮಿಯಾಚೆಯ ಜೀವದ ಹುಡುಕಾಟದ ಮೇಲೆ ಪರಿಣಾಮ ಬೀರುವ ಸಂಗತಿ ಎಂದಷ್ಟೇ ಅದರಲ್ಲಿತ್ತು. ಪ್ರಬಂಧ ಇನ್ನೂ ಜನರ ಕೈಗೆ ಸಿಕ್ಕಿರಲಿಲ್ಲ. ಶನಿಗ್ರಹದ ಟೈಟನ್ ಚಂದ್ರನಲ್ಲಿ ಜೀವ ಸಿಕ್ಕಿರಬೇಕು ಎಂಬಲ್ಲಿವರೆಗೆ ಊಹೆ ಹೋಯಿತು. ಡಿಸೆಂಬರ್ 2ರಂದು ಗೋಷ್ಠಿ ನಡೆಯಿತು, ಅದೇ ದಿನ 'ಸೈನ್ಸ್' ಪತ್ರಿಕೆಯ ಜಾಲತಾಣದಲ್ಲಿ ಪ್ರಬಂಧ ಬಂತು. ಸುದ್ದಿ ಲೋಕವೆಲ್ಲ ಸುತ್ತಿತು.

ಇಲ್ಲಿ ಒಂದು ಮಾತು. ಪ್ರಬಂಧಕ್ಕಿಂತ ಮೊದಲು ಪ್ರಕಟಣೆ ಬಂದಾಗ ಓದುಗರಿಗೆ ಉಳಿಯುವುದು ಊಹೆ ಮಾತ್ರ. ಜನರಿಗೆ ವಿಜ್ಞಾನ ತಲುಪಿಸುವ ಕೆಲಸದಲ್ಲಿ ನನಗೆ ಇದಕ್ಕಿಂತ ಕೆಟ್ಟ ಕ್ರಮ ಕಾಣುವುದಿಲ್ಲ.

ಎರಡು ದಿನದ ಮೇಲೆ ಬಂದ ಬರಹ

ರೋಸಿ ರೆಡ್‌ಫೀಲ್ಡ್ ಆಗ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿಯಾಗಿದ್ದರು. ತಮ್ಮ ಲ್ಯಾಬಿನಲ್ಲಿ ಏನು ನಡೆಯುತ್ತಿದೆ, ಯಾವ ಪ್ರಯೋಗ ಯಾಕೆ ಕೈಕೊಟ್ಟಿತು ಎಂದೆಲ್ಲ ವರ್ಷಗಳಿಂದ ಬ್ಲಾಗಿನಲ್ಲಿ ಬರೆದುಕೊಂಡು ಬಂದವರು. ಓದುಗರು ಜಾಸ್ತಿ ಇರಲಿಲ್ಲ. ಡಿಸೆಂಬರ್ 4ರಂದು ಅವರು ಈ ಪ್ರಬಂಧವನ್ನು ಸಾಲು ಸಾಲಾಗಿ ಓದಿ, ತಮ್ಮ ಆಕ್ಷೇಪಗಳನ್ನು ಅಲ್ಲೇ ಬರೆದರು.

ಅವರು ಹಿಡಿದುಕೊಂಡದ್ದು ಒಂದು ಸಣ್ಣ ಅಂಕಿಯನ್ನು. 'ಫಾಸ್ಫೇಟ್ ಹಾಕದ' ದ್ರಾವಣದಲ್ಲಿ ಫಾಸ್ಫೇಟ್ ಸೊನ್ನೆ ಇರಲಿಲ್ಲ. ಬಳಸಿದ ಲವಣಗಳ ಜೊತೆ ಬೆರೆತು ಬಂದದ್ದು ಸುಮಾರು 3 ಮೈಕ್ರೋಮೋಲಾರ್ ಇತ್ತು. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಲೇಖಕರೇ ಹೇಳಿದ್ದರು. ಆರ್ಸೆನೇಟ್ ಇದ್ದದ್ದು 40 ಮಿಲಿಮೋಲಾರ್, ಅಂದರೆ ಹದಿಮೂರು ಸಾವಿರ ಪಟ್ಟು. ಅದರ ಮುಂದೆ 3 ಮೈಕ್ರೋಮೋಲಾರ್ ಏನೂ ಅಲ್ಲ ಎನಿಸುತ್ತದೆ ಅಲ್ವಾ? ಈಗ ಬ್ಯಾಕ್ಟೀರಿಯಾದ ಕಡೆಯಿಂದ ಲೆಕ್ಕ ಹಾಕೋಣ.

1 ಮಿಲಿಲೀಟರ್ ದ್ರಾವಣ ತೆಗೆದುಕೊಳ್ಳಿ. 3 ಮೈಕ್ರೋಮೋಲಾರ್ ಎಂದರೆ ಅದರಲ್ಲಿ 3 ನ್ಯಾನೋಮೋಲ್ ಫಾಸ್ಫೇಟ್ ಇದೆ. ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಸುಮಾರು 1,800 ಲಕ್ಷ ಕೋಟಿ ರಂಜಕದ ಪರಮಾಣುಗಳು. ಆ ಮಿಲಿಲೀಟರಿನಲ್ಲಿ 2 ಕೋಟಿ ಜೀವಕೋಶಗಳು ಬೆಳೆದವು ಎಂದಿಟ್ಟುಕೊಳ್ಳಿ. ಭಾಗಿಸಿದರೆ ಒಂದೊಂದು ಕೋಶದ ಪಾಲಿಗೆ 9 ಕೋಟಿ ಪರಮಾಣು ಬರುತ್ತದೆ.

ಕೋಶಕ್ಕೆ ಎಷ್ಟು ಬೇಕು? ಈ ಬ್ಯಾಕ್ಟೀರಿಯಾದ ಜೀನೋಮ್ ಸುಮಾರು 36 ಲಕ್ಷ ಬೇಸ್ ಜೋಡಿಗಳದ್ದು. ಜೋಡಿಗೆ ಎರಡು ಫಾಸ್ಫೇಟ್, ಅಂದರೆ ಡಿಎನ್‌ಎಗೆ 72 ಲಕ್ಷ. ಒಂದು ರೈಬೋಸೋಮಿನ ಆರ್‌ಎನ್‌ಎಯಲ್ಲಿ ಸುಮಾರು 4,500 ಫಾಸ್ಫೇಟ್ ಇರುತ್ತವೆ. ನಿಧಾನವಾಗಿ ಬೆಳೆಯುವ ಕೋಶದಲ್ಲಿ 10,000 ರೈಬೋಸೋಮ್ ಇವೆ ಎಂದುಕೊಂಡರೆ 4.5 ಕೋಟಿ. ಪೊರೆಯ ಕೊಬ್ಬಿಗೆ ಇನ್ನು 2 ಕೋಟಿ ಸೇರಿಸಿ. ಒಟ್ಟು 7 ಕೋಟಿ ಚಿಲ್ಲರೆ. ಕೈಯಲ್ಲಿರುವುದು 9 ಕೋಟಿ.

ಇದು ನನ್ನ ಒರಟು ಅಂದಾಜು. ರೈಬೋಸೋಮ್, ಕೊಬ್ಬಿನ ಸಂಖ್ಯೆಗಳು ಬೇರೆ ಬ್ಯಾಕ್ಟೀರಿಯಾಗಳನ್ನು ನೋಡಿ ಇಟ್ಟದ್ದು. ರೆಡ್‌ಫೀಲ್ಡ್ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದ್ದರು. ಇಬ್ಬರಿಗೂ ಸಿಗುವ ಉತ್ತರ ಒಂದೇ: ಕಂಡುಬಂದ ಬೆಳವಣಿಗೆಗೆ ಆ ಚೂರುಪಾರು ಫಾಸ್ಫೇಟೇ ಸಾಕು. ಆರ್ಸೆನಿಕ್ಕನ್ನು ಕರೆತರುವ ಅಗತ್ಯವೇ ಇಲ್ಲ.

ಅವರ ಎರಡನೇ ಆಕ್ಷೇಪ ಡಿಎನ್‌ಎ ಶುದ್ಧಿಯ ಬಗ್ಗೆ. ಮೂಲ ತಂಡದವರು ಡಿಎನ್‌ಎಯನ್ನು ಜೆಲ್ ಮೇಲೆ ಓಡಿಸಿ (ಎಳೆಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಮಾಡುವ ವಿಧಾನ ಇದು), ಡಿಎನ್‌ಎ ಇದ್ದ ಜೆಲ್ಲಿನ ತುಂಡನ್ನೇ ತೆಗೆದು ಆರ್ಸೆನಿಕ್ ಅಳೆದಿದ್ದರು. ತುಂಡಿನಿಂದ ಡಿಎನ್‌ಎ ಬೇರ್ಪಡಿಸಿ ತೊಳೆದಿರಲಿಲ್ಲ. ಮಣ್ಣು ಮೆತ್ತಿದ ಸೊಪ್ಪನ್ನು ಹಾಗೇ ತೂಗಿ, ಸೊಪ್ಪಿನೊಳಗೇ ಮಣ್ಣಿದೆ ಎಂದ ಹಾಗಾಯಿತು. ತೊಳೆಯುವ ಕಿಟ್ ಎಲ್ಲ ಲ್ಯಾಬುಗಳಲ್ಲೂ ಇರುತ್ತದೆ, ಒಂದು ಗಂಟೆಯ ಕೆಲಸವೂ ಅಲ್ಲ.

ಅದೇ ವಾರ ಅಲೆಕ್ಸ್ ಬ್ರ್ಯಾಡ್ಲಿ ಎಂಬ ಭೂರಸಾಯನ ವಿಜ್ಞಾನಿ ಇನ್ನೊಂದು ಬ್ಲಾಗಿನಲ್ಲಿ ಬೇರೆ ದಿಕ್ಕಿನಿಂದ ಬಂದರು. ಆರ್ಸೆನೇಟಿನ ಕೊಂಡಿಗಳು ನೀರಿನಲ್ಲಿ ಬಲುಬೇಗ ಕಡಿದುಹೋಗುತ್ತವೆ. ಪ್ರಯೋಗದ ಹಂತಗಳಲ್ಲಿ ಡಿಎನ್‌ಎ ನೀರಿನಲ್ಲೇ ಇತ್ತು. ಆದರೂ ಜೆಲ್ ಮೇಲೆ ಉದ್ದುದ್ದ ಎಳೆಗಳಾಗಿಯೇ ಕಾಣಿಸಿತು. ಹಾಗಿದ್ದರೆ ಅದರ ಬೆನ್ನೆಲುಬು ಫಾಸ್ಫೇಟಿನದ್ದೇ ಇರಬೇಕು. 2011ರಲ್ಲಿ ಬೇರೆ ರಸಾಯನ ವಿಜ್ಞಾನಿಗಳು ಅಂದಾಜು ಮಾಡಿದರು: ಡಿಎನ್‌ಎಯಲ್ಲಿ ಅಂಥ ಆರ್ಸೆನೇಟ್ ಕೊಂಡಿ ಇದ್ದರೆ ಅದರ ಅರ್ಧಾಯು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.06 ಸೆಕೆಂಡು. ಫಾಸ್ಫೇಟ್ ಕೊಂಡಿಯದ್ದು ಕೋಟಿಗಟ್ಟಲೆ ವರ್ಷ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಪ್ರಕೃತಿ ಫಾಸ್ಫೇಟನ್ನೇ ಯಾಕೆ ಹಿಡಿದುಕೊಂಡಿದೆ ಎಂದು ನನಗೆ ನಿಜವಾಗಿ ಅರ್ಥವಾಯಿತು. ಪಠ್ಯಪುಸ್ತಕದಲ್ಲಿ ಓದಿದಾಗ ಆಗಿರಲಿಲ್ಲ.

ಬ್ಲಾಗಿಗೆ ಉತ್ತರ ಕೊಡಬೇಕೇ?

ನಾಸಾ ಕಡೆಯಿಂದ ಬಂದ ಮೊದಲ ಪ್ರತಿಕ್ರಿಯೆ ಇದು: ವಿಜ್ಞಾನದ ಚರ್ಚೆ ತಜ್ಞರು ಪರಿಶೀಲಿಸಿದ ಪತ್ರಿಕೆಗಳಲ್ಲಿ ಆಗಬೇಕು, ಮಾಧ್ಯಮ ಮತ್ತು ಬ್ಲಾಗುಗಳಲ್ಲಿ ಅಲ್ಲ. ಈ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಪರಿಶೀಲನೆ ಇಲ್ಲದೆ ಯಾರು ಏನು ಬೇಕಾದರೂ ಬರೆಯಬಹುದು. ಆದರೆ ಪ್ರಬಂಧವನ್ನು ಜಗತ್ತಿಗೆ ಪತ್ರಿಕಾಗೋಷ್ಠಿಯಲ್ಲಿ ಹೇಳಿದ ಮೇಲೆ, ಪ್ರಶ್ನೆಯನ್ನು ಮಾತ್ರ ತಿಂಗಳುಗಟ್ಟಲೆ ಕಾದು ಪತ್ರಿಕೆಯಲ್ಲೇ ಕೇಳಿ ಎನ್ನುವುದು ಸರಿಯಲ್ಲ. 'ಸೈನ್ಸ್' ಪತ್ರಿಕೆ ಎಂಟು ಆಕ್ಷೇಪಗಳನ್ನು ಪ್ರಕಟಿಸಿತು, ಲೇಖಕರ ಉತ್ತರವನ್ನೂ ಕೊಟ್ಟಿತು. ಅಷ್ಟೊತ್ತಿಗೆ 2011ರ ಮೇ ತಿಂಗಳ ಕೊನೆ ಬಂದಿತ್ತು. ಬ್ಲಾಗಿನಲ್ಲಿ ಎರಡೇ ದಿನದಲ್ಲಿ ಬಂದ ಮುಖ್ಯ ಪ್ರಶ್ನೆ ಅಲ್ಲೂ ಬಂತು.

ಇನ್ನು ರೆಡ್‌ಫೀಲ್ಡ್ ಮುಂದೆ ಮಾಡಿದ್ದು ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಟೀಕೆ ಬರೆದು ಸುಮ್ನೆ ಕೂರಲಿಲ್ಲ. ಮೂಲ ತಂಡದಿಂದಲೇ ಬ್ಯಾಕ್ಟೀರಿಯಾ ತರಿಸಿಕೊಂಡರು. ಅವರು ಕೊಟ್ಟರು, ಅದನ್ನೂ ನೆನಪಿಡಬೇಕು. ಆಮೇಲೆ 2011ರ ಉದ್ದಕ್ಕೂ ಪ್ರಯೋಗಗಳನ್ನು ಬ್ಲಾಗಿನಲ್ಲೇ ಬರೆದರು. ಬ್ಯಾಕ್ಟೀರಿಯಾ ಮೊದಮೊದಲು ಸರಿಯಾಗಿ ಬೆಳೆಯಲಿಲ್ಲ, ಅದನ್ನೂ ಬರೆದರು. ಸ್ವಲ್ಪ ಗ್ಲುಟಮೇಟ್ ಸೇರಿಸಿದ ಮೇಲೆ ಬೆಳೆಯಿತು, ಅದನ್ನೂ ಬರೆದರು. ಓದುಗರು ಸಲಹೆ ಕೊಟ್ಟರು, ತಪ್ಪು ಹುಡುಕಿದರು. ಚೆನ್ನಾಗಿ ಶುದ್ಧ ಮಾಡಿದ ಡಿಎನ್‌ಎಯನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಹೋದ್ಯೋಗಿಗಳು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದರು. ಡಿಎನ್‌ಎಗೆ ಕೊಂಡಿಯಾಗಿ ಸೇರಿದ ಆರ್ಸೆನೇಟ್ ಕಾಣಲಿಲ್ಲ.

2012ರ ಜನವರಿ ಕೊನೆಗೆ ಅವರು ಕರಡು ಪ್ರಬಂಧವನ್ನು ಆರ್ಕೈವ್ ಎಂಬ ಕರಡುಗಳ ಜಾಲತಾಣದಲ್ಲಿ ಎಲ್ಲರೂ ಓದುವಂತೆ ಹಾಕಿದರು. ಜುಲೈ 8ರಂದು ಅದು 'ಸೈನ್ಸ್' ಪತ್ರಿಕೆಯಲ್ಲೇ ಬಂತು. ಜೊತೆಗೆ ಜ್ಯೂರಿಕ್‌ನ ಇನ್ನೊಂದು ತಂಡದ ಪ್ರಬಂಧವೂ ಬಂತು: ಈ ಬ್ಯಾಕ್ಟೀರಿಯಾ ಆರ್ಸೆನೇಟನ್ನು ತಡೆದುಕೊಳ್ಳುತ್ತದೆ, ಆದರೆ ಬದುಕಲು ಫಾಸ್ಫೇಟ್ ಬೇಕೇ ಬೇಕು. ಅಂದರೆ ಬ್ಲಾಗೂ ತಜ್ಞರ ಪರಿಶೀಲನೆಯೂ ಕೊನೆಗೆ ಒಂದೇ ದಾರಿಗೆ ಬಂದವು. ಎರಡು ಪಕ್ಷಗಳೆಂದು ಇವನ್ನು ನೋಡುವ ಅಗತ್ಯ ನನಗೆ ಕಾಣುವುದಿಲ್ಲ.

ಒಂದು ಬೇಸರದ ವಿಷಯವನ್ನೂ ಬಿಡದೆ ಹೇಳಬೇಕು. ಆನ್‌ಲೈನ್ ಟೀಕೆಯಲ್ಲಿ ಒಂದಷ್ಟು ಭಾಗ ಲೆಕ್ಕ ಬಿಟ್ಟು ಮೊದಲ ಲೇಖಕಿಯ ಮೇಲೆ ತಿರುಗಿತು. ಪ್ರಬಂಧಕ್ಕೆ ಹನ್ನೆರಡು ಲೇಖಕರಿದ್ದರು, ಪರಿಶೀಲಕರಿದ್ದರು, ಸಂಪಾದಕರಿದ್ದರು. ಏಟು ಜಾಸ್ತಿ ಬಿದ್ದದ್ದು ಒಬ್ಬರಿಗೆ. ದ್ರಾವಣದಲ್ಲಿ ಎಷ್ಟು ಫಾಸ್ಫೇಟ್ ಇತ್ತು ಎಂದು ತಿಳಿಯಲು ಆಕೆ ಎಂಥವರು ಎಂಬ ಮಾತು ಬೇಕಿಲ್ಲ.

ಇನ್ನೊಂದು ಸಂದರ್ಭ, ಚಿಕ್ಕದಾಗಿ

2013ರಲ್ಲಿ ಜೀವವಿಜ್ಞಾನಕ್ಕೆಂದೇ ಬಯೋಆರ್ಕೈವ್ ಶುರುವಾಯಿತು. ಪರಿಶೀಲನೆಗೆ ಮುಂಚಿನ ಕರಡುಗಳನ್ನು, ಅಂದರೆ ಪ್ರಿಪ್ರಿಂಟ್‌ಗಳನ್ನು, ಅಲ್ಲಿ ಯಾರು ಬೇಕಾದರೂ ಓದಬಹುದು. 2020ರ ಜನವರಿ ಕೊನೆಗೆ ದೆಹಲಿಯ ಸಂಶೋಧಕರ ತಂಡವೊಂದು ಅಲ್ಲಿ ಕರಡು ಹಾಕಿತು. ಹೊಸ ಕೊರೊನಾ ವೈರಸ್ಸಿನ ಸ್ಪೈಕ್ ಪ್ರೋಟೀನಿನಲ್ಲಿ ಎಚ್‌ಐವಿಯನ್ನು ಹೋಲುವ ನಾಲ್ಕು ತುಣುಕುಗಳಿವೆ ಎಂದು ಅದರಲ್ಲಿತ್ತು. ಓದಿದ ವಿಜ್ಞಾನಿಗಳು ಅಲ್ಲೇ ತೋರಿಸಿದರು: ತುಣುಕುಗಳು ತೀರಾ ಗಿಡ್ಡ, ಅಂಥವು ಎಷ್ಟೋ ಜೀವಿಗಳಲ್ಲಿ ಸಿಗುತ್ತವೆ.

ಇಲ್ಲೂ ಲೆಕ್ಕ ಸುಲಭ. ಅಮೈನೋ ಆಮ್ಲಗಳು 20 ಬಗೆ. ಆರು ಆಮ್ಲಗಳ ಸಾಲನ್ನು 20ರ ಆರನೇ ಘಾತ, ಅಂದರೆ 6.4 ಕೋಟಿ ರೀತಿಯಲ್ಲಿ ಜೋಡಿಸಬಹುದು. ಒಂದು ಆಮ್ಲಕ್ಕೆ ಒಂದು ಅಕ್ಷರ ಎಂದು ಬರೆದರೆ, ಪ್ರೋಟೀನ್ ದತ್ತಕೋಶಗಳಲ್ಲಿ ಸಾವಿರಾರು ಕೋಟಿ ಅಕ್ಷರಗಳಿವೆ. ಯಾವ ಆರಕ್ಷರ ಹುಡುಕಿದರೂ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಲೇಖಕರು ಎರಡೇ ದಿನದಲ್ಲಿ ಕರಡನ್ನು ಹಿಂದಕ್ಕೆ ತೆಗೆದುಕೊಂಡರು. ಅದು ಒಳ್ಳೆಯ ನಡೆ. ಆದರೆ 'ಎಚ್‌ಐವಿ ಸೇರಿಸಿ ಮಾಡಿದ ವೈರಸ್' ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾರ ಕೈಯಲ್ಲೂ ಆಗಲಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ

ಸಂಸ್ಥೆಯ ಪತ್ರಿಕಾ ಪ್ರಕಟಣೆ ನೋಡಿ ಬರೆಯಬೇಡಿ, ಪ್ರಬಂಧವನ್ನೇ ತೆರೆಯಿರಿ. ಪೂರ್ತಿ ಓದಲು ಆಗದಿದ್ದರೆ 'ವಿಧಾನ' ಭಾಗ ಓದಿ. 3 ಮೈಕ್ರೋಮೋಲಾರ್ ಸಿಗುವುದು ಅಲ್ಲಿ, ತಲೆಬರಹದಲ್ಲಿ ಅಲ್ಲ. ಪ್ರಿಪ್ರಿಂಟ್ ಆಗಿದ್ದರೆ ಮೊದಲ ಸಾಲಿನಲ್ಲೇ ಹಾಗೆಂದು ಹೇಳಿ, ಓದುಗರಿಗೆ ಅದರ ಅರ್ಥವನ್ನೂ ಬಿಡಿಸಿ. ಲೆಕ್ಕ ಇದ್ದರೆ ಲೆಕ್ಕವನ್ನೇ ಬರೆಯಿರಿ. 'ವಿಜ್ಞಾನಿಗಳು ಹೇಳಿದ್ದಾರೆ' ಎಂದರೆ ಓದುಗ ನಂಬಬಹುದು ಅಥವಾ ಬಿಡಬಹುದು, ಅಷ್ಟೇ. ಲಕ್ಷ ಕೋಟಿಗಳಲ್ಲಿ ಹಂತ ಹಂತವಾಗಿ ತೋರಿಸಿದರೆ ಹಳ್ಳಿಯ ಹೈಸ್ಕೂಲಿನ ಹುಡುಗಿಯೂ ತಪ್ಪು ಹಿಡಿಯಬಲ್ಲಳು. ಅವಳು ಹಿಡಿಯಲಿ ಎಂದೇ ಬರೆಯಬೇಕು. ಬರೆದ ತಾರೀಖು ಹಾಕಿ, ಹೊಸ ಸಂಗತಿ ಬಂದಾಗ ಹಳೆಯ ಬರಹದ ತಲೆಯಲ್ಲೇ ಸೇರಿಸಿ.

ತಾರೀಖಿನ ಮಾತು ಸುಮ್ನೆ ಹೇಳಿದ್ದಲ್ಲ. ಆ ಪ್ರಬಂಧವನ್ನು 'ಸೈನ್ಸ್' ಪತ್ರಿಕೆ ಹಿಂದಕ್ಕೆ ತೆಗೆದುಕೊಂಡದ್ದು 2025ರ ಜುಲೈ 24ರಂದು, ಹೆಚ್ಚುಕಡಿಮೆ ಹದಿನೈದು ವರ್ಷದ ಮೇಲೆ. ಮೋಸ ನಡೆದಿದೆ ಎಂದು ಪತ್ರಿಕೆ ಹೇಳಲಿಲ್ಲ. ಪ್ರಯೋಗಗಳು ಮುಖ್ಯ ತೀರ್ಮಾನವನ್ನು ಎತ್ತಿ ನಿಲ್ಲಿಸುವುದಿಲ್ಲ ಎಂದಿತು. ಲೇಖಕರು ಒಪ್ಪಲಿಲ್ಲ.

ಅವರ ಪರವಾಗಿ ಒಂದು ಗಟ್ಟಿ ಅಂಶವೂ ಇತ್ತು, ಅದನ್ನು ಅಭ್ಯಾಸಕ್ಕೆ ನಿಮಗೇ ಬಿಡುತ್ತೇನೆ. ಮೂಲ ಪ್ರಯೋಗದಲ್ಲಿ ಫಾಸ್ಫೇಟೂ ಹಾಕದ, ಆರ್ಸೆನೇಟೂ ಹಾಕದ ಇನ್ನೊಂದು ದ್ರಾವಣ ಇಟ್ಟಿದ್ದರು. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಚೂರುಪಾರು ಫಾಸ್ಫೇಟೇ ಸಾಕು ಎಂದಾದರೆ ಅಲ್ಲೂ ಬೆಳೆಯಬೇಕಿತ್ತಲ್ಲ? 2012ರಲ್ಲಿ ಬಂದ ಒಂದು ವಿವರಣೆ ಹೀಗಿದೆ: ಈ.ಕೋಲೈ ಬ್ಯಾಕ್ಟೀರಿಯಾಗೆ ಆರ್ಸೆನೇಟ್ ಕೊಟ್ಟಾಗ ಅದರ ರೈಬೋಸೋಮುಗಳು ರಾಶಿ ರಾಶಿಯಾಗಿ ಒಡೆಯುತ್ತವೆ, ಅವುಗಳಲ್ಲಿದ್ದ ಫಾಸ್ಫೇಟ್ ಬೇರೆ ಕೆಲಸಕ್ಕೆ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ರೈಬೋಸೋಮಿನ ಪಾಲು 4.5 ಕೋಟಿ. ಅದರಲ್ಲಿ ಅರ್ಧ ಒಡೆದು ಬಿಡುಗಡೆಯಾದರೆ, ಎಷ್ಟು ಕೋಶಗಳ ಡಿಎನ್‌ಎಗೆ ಸಾಕಾಗುತ್ತದೆ ಎಂದು ಹಾಕಿ ನೋಡಿ.