ಕಡಲ ಕಿನಾರೆ ಮುಚ್ಚುವ ಆದೇಶ: ಯಾರಿಗೆ, ಎಲ್ಲಿಯ ತನಕ?

2020ರ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಮಂಜೇಶ್ವರ ಕಡೆಯ ಮೀನುಗಾರರೊಬ್ಬರು ಸಮನ್ಸ್ ಹಿಡಿದುಕೊಂಡು ಕಾಸರಗೋಡಿನ ನನ್ನ ವಕೀಲಿ ಕಚೇರಿಗೆ ಬಂದಿದ್ದರು. ಮರಳಿನ ಮೇಲೆ ಎಳೆದಿಟ್ಟ ತಮ್ಮ ದೋಣಿಯ ನೆರಳಿನಲ್ಲಿ ಕುಳಿತು ಹರಿದ ಬಲೆಯನ್ನು ಸರಿಪಡಿಸುತ್ತಿದ್ದಾಗ, ಮುಚ್ಚಿದ ಬೀಚಿಗೆ ಬಂದು ಕುಳಿತಿದ್ದಾರೆಂಬ ಕಾರಣಕ್ಕೆ ಅವರ ಮೇಲೆ ಪ್ರಕರಣ ದಾಖಲಾಗಿತ್ತು. "ನಾನು ಬಲೆ ಸರಿ ಮಾಡ್ಲಿಕ್ಕೆ ಕೂತದ್ದು ವಕೀಲರೇ, ಕಡಲು ನೋಡ್ಲಿಕ್ಕೆ ಹೋದದ್ದಲ್ಲ" ಎಂದು ಅವರು ಮತ್ತೆ ಮತ್ತೆ ಹೇಳಿದರು. ಮೂಲ ಆದೇಶದ ಪ್ರತಿಯನ್ನು ತರಿಸಿ ಓದಿದಾಗ ಅದರಲ್ಲಿದ್ದದ್ದು ಪ್ರವಾಸಿಗರ ಪ್ರವೇಶಕ್ಕೂ ಜನ ಗುಂಪುಗೂಡುವುದಕ್ಕೂ ನಿಷೇಧ. ಆದರೆ ಆ ಆದೇಶ ಕಚೇರಿಯಿಂದ ಕಚೇರಿಗೆ ಸಾಗಿ ಕಿನಾರೆಯಲ್ಲಿ ಕಾವಲು ನಿಂತವರನ್ನು ತಲಪುವಷ್ಟರಲ್ಲಿ "ಬೀಚ್ ಬಂದ್" ಎಂಬ ಎರಡು ಪದಗಳಾಗಿ ಕುಗ್ಗಿತ್ತು. ಸಾರ್ವಜನಿಕ ಆರೋಗ್ಯದ ತುರ್ತು ಸಂದರ್ಭಗಳಲ್ಲಿ ಕಡಲ ಕಿನಾರೆಗಳನ್ನು ತಾತ್ಕಾಲಿಕವಾಗಿ ಮುಚ್ಚುವಾಗ ನಮ್ಮಲ್ಲಿ ಉಂಟಾಗುವ ತೊಂದರೆಗಳಲ್ಲಿ ಹೆಚ್ಚಿನವು ಈ ಕುಗ್ಗುವಿಕೆಯಿಂದಲೇ ಬರುತ್ತವೆ ಎಂಬುದು ಅಂದಿನಿಂದ ಇಂದಿನವರೆಗೆ ಹಲವು ಕಡತಗಳನ್ನು ನೋಡಿದ ನನ್ನ ಅನುಭವ.

ಮುಚ್ಚಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಾಸರಗೋಡು ಜಿಲ್ಲೆ ಆ ವರ್ಷ ಅನುಭವಿಸಿದ್ದನ್ನು ಕಂಡವರು ಯಾರೂ ಹಾಗೆ ಹೇಳಲಾರರು. ವುಹಾನಿನಿಂದ ಹಿಂದಿರುಗಿದ್ದ ವಿದ್ಯಾರ್ಥಿಯೊಬ್ಬರಲ್ಲಿ ದೇಶದ ಮೂರನೆಯ ಕೋವಿಡ್ ಪ್ರಕರಣ 2020ರ ಫೆಬ್ರವರಿ 3ರಂದು ಕಾಞಂಗಾಡಿನಲ್ಲಿ ದೃಢಪಟ್ಟಿತು. ಮಾರ್ಚ್ 22ರಂದು ಜಿಲ್ಲೆಯಲ್ಲಿ 144ನೇ ಸೆಕ್ಷನ್ ಪ್ರಕಾರ ನಿಷೇಧಾಜ್ಞೆ ಜಾರಿಗೆ ಬಂತು. ತೆರೆದ ಬಯಲಿನಲ್ಲಿ ಗಾಳಿಗೆ ನಿಂತವನಿಗೆ ಸೋಂಕು ತಗಲುವ ಸಾಧ್ಯತೆ ಮುಚ್ಚಿದ ಕೋಣೆಯಲ್ಲಿರುವುದಕ್ಕಿಂತ ಬಹಳ ಕಡಿಮೆ ಎಂಬುದು ಮುಂದೆ ಸ್ಪಷ್ಟವಾಯಿತಾದರೂ, ರಜಾದಿನದ ಸಂಜೆ ಬೇಕಲಕ್ಕೋ ಪಳ್ಳಿಕ್ಕರೆಗೋ ಬರುವವನು ಬಯಲಿನಲ್ಲಿ ಒಬ್ಬನೇ ನಿಲ್ಲುವುದಿಲ್ಲ. ಅವನು ತುಂಬಿದ ಬಸ್ಸಿನಲ್ಲಿ ಬರುತ್ತಾನೆ, ಟಿಕೆಟಿನ ಸಾಲಿನಲ್ಲಿ ನಿಲ್ಲುತ್ತಾನೆ, ಗೂಡಂಗಡಿಯ ಮುಂದೆ ಹತ್ತು ಮಂದಿಯ ನಡುವೆ ಚಹಾ ಕುಡಿಯುತ್ತಾನೆ, ಒಂದೇ ಶೌಚಾಲಯವನ್ನು ನೂರಾರು ಮಂದಿಯೊಂದಿಗೆ ಬಳಸುತ್ತಾನೆ. ಆದ್ದರಿಂದ ಹರಡುವ ರೋಗದ ಕಾಲದಲ್ಲಿ ಆದೇಶ ಮುಚ್ಚಬೇಕಾದದ್ದು ಜನಸಂದಣಿಯನ್ನು. ಮರಳಿನ ಮೇಲೆ ಯಾರೂ ಕಾಲಿಡಬಾರದು ಎಂಬುದು ಆ ಉದ್ದೇಶವನ್ನು ಮೀರಿದ ಮಾತು.

ಕಾರಣ ಬದಲಾದರೆ ನಿಷೇಧದ ವ್ಯಾಪ್ತಿಯೂ ಬದಲಾಗಬೇಕು. 2025ರ ಮೇ 25ರಂದು ಕೊಚ್ಚಿಯಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 640 ಕಂಟೇನರುಗಳಿದ್ದವು. ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಅಂತಹ ಕಂಟೇನರು ದಡಕ್ಕೆ ಬಂದು ಬಿದ್ದರೆ ಪ್ರವಾಸಿಗನನ್ನೂ ಮೀನುಗಾರನನ್ನೂ ಒಂದೇ ರೀತಿ ದೂರ ಇಡಬೇಕಾಗುತ್ತದೆ, ಏಕೆಂದರೆ ನೀರು ತಗಲಿದ ಕಾರ್ಬೈಡ್ ಬೆಂಕಿ ಹೊತ್ತಿಕೊಳ್ಳುವ ಅನಿಲವನ್ನು ಬಿಡುತ್ತದೆ, ಅದರ ಹತ್ತಿರ ಹೋದವನ ಉದ್ಯೋಗ ಯಾವುದೆಂದು ಅದು ಕೇಳುವುದಿಲ್ಲ. ಹೊಳೆಬಾಗಿಲಿನ ನೀರಿಗೆ ಕೊಳಚೆ ಸೇರಿ ರೋಗಾಣು ಹೆಚ್ಚಿದ್ದರೆ ಈಜುವುದನ್ನೂ ಮರುವಾಯಿ, ಕಲ್ಲುಮ್ಮಕಾಯಿಯಂತಹ ಚಿಪ್ಪುಜೀವಿಗಳನ್ನು ತೆಗೆಯುವುದನ್ನೂ ತಡೆದರೆ ಸಾಕಾಗುತ್ತದೆ. ದಡದಲ್ಲಿ ನಡೆಯುವವನನ್ನು ತಡೆಯುವ ಅಗತ್ಯವಿಲ್ಲ. ಆದೇಶ ಬರೆಯುವ ಅಧಿಕಾರಿ ಕಾರಣವನ್ನು ಮೊದಲ ವಾಕ್ಯದಲ್ಲೇ ಬರೆದರೆ ವ್ಯಾಪ್ತಿ ತಾನಾಗಿಯೇ ಸರಿಯಾಗುತ್ತದೆ ಎಂದು ನಾನು ಕಂಡಿದ್ದೇನೆ. ಕಾರಣವಿಲ್ಲದ ಆದೇಶಗಳೇ ಎಲ್ಲರನ್ನೂ ಎಲ್ಲದರಿಂದಲೂ ತಡೆಯುತ್ತವೆ.

ಇನ್ನು ಮುಚ್ಚುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ. ಬೇಕಲದಲ್ಲೇ ನಿಂತು ನೋಡಿದರೆ ಇದರ ಸಿಕ್ಕು ಕಣ್ಣಿಗೆ ಕಾಣುತ್ತದೆ. ಕಡಲ ದಡದಲ್ಲಿರುವ ಅಲ್ಲಿನ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಆ ಇಲಾಖೆ ದೇಶದ ಎಲ್ಲ ಸಂರಕ್ಷಿತ ಸ್ಮಾರಕಗಳನ್ನು 2020ರ ಮಾರ್ಚ್ 17ರಂದು ಮುಚ್ಚಿತು. ಕೋಟೆಯ ಬುಡದ ಮರಳಿನ ಮೇಲೆ ಆ ಇಲಾಖೆಯ ಮಾತು ನಡೆಯುವುದಿಲ್ಲ. ಪಂಚಾಯತು ತಾನು ನಡೆಸುವ ಪಾರ್ಕಿನ ಬಾಗಿಲು ಹಾಕಬಹುದು, ವಾಹನ ನಿಲುಗಡೆಯ ಜಾಗವನ್ನು ಮುಚ್ಚಬಹುದು, ತಾನು ಪರವಾನಗಿ ಕೊಟ್ಟ ಅಂಗಡಿಗಳಿಗೆ ಸೂಚನೆ ನೀಡಬಹುದು, ಫಲಕ ಹಾಕಬಹುದು. 2005ರ ವಿಪತ್ತು ನಿರ್ವಹಣಾ ಕಾಯಿದೆಯ 41ನೇ ಸೆಕ್ಷನ್ ಸ್ಥಳೀಯಾಡಳಿತಗಳಿಗೆ ಸಿದ್ಧತೆಯ ಮತ್ತು ಪರಿಹಾರ ಕಾರ್ಯದ ಹೊಣೆಯನ್ನು ವಹಿಸುತ್ತದೆ. ಆದರೆ ಒಂದು ಪ್ರದೇಶಕ್ಕೆ ಜನರ ಪ್ರವೇಶವನ್ನೂ ಅಲ್ಲಿನ ಸಂಚಾರವನ್ನೂ ನಿರ್ಬಂಧಿಸುವ ಅಧಿಕಾರವನ್ನು ಅದೇ ಕಾಯಿದೆಯ 34ನೇ ಸೆಕ್ಷನ್ ಕೊಟ್ಟಿರುವುದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ. ಅದರ ಅಧ್ಯಕ್ಷರು ಕಲೆಕ್ಟರ್, ಸಹಾಧ್ಯಕ್ಷರು ಚುನಾಯಿತ ಪ್ರತಿನಿಧಿ. ಪ್ರಾಧಿಕಾರದ ಆದೇಶವನ್ನು ಉಲ್ಲಂಘಿಸಿದರೆ 51ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಆದ್ದರಿಂದ ಪಂಚಾಯತು ಸಭೆಯ ನಿರ್ಣಯವನ್ನೇ ನಿಷೇಧಾಜ್ಞೆ ಎಂದು ತಿಳಿದು ಜನರ ಮೇಲೆ ಪ್ರಕರಣ ಹಾಕಿಸಲು ಹೊರಡುವ ಸದಸ್ಯರಿಗೆ ನಾನು ಕೊಡುವ ಸಲಹೆ ಒಂದೇ: ನಿರ್ಣಯವನ್ನು ಅಂದೇ ಕಲೆಕ್ಟರಿಗೆ ಕಳುಹಿಸಿ, ಅವರ ಆದೇಶ ಬರುವವರೆಗೆ ನಿಮ್ಮ ಕೈಯಲ್ಲಿರುವ ಬಾಗಿಲನ್ನಷ್ಟೇ ಮುಚ್ಚಿ.

ಕಾನೂನಿನ ಇತರ ದಾರಿಗಳೂ ಇವೆ. ಕೇರಳ ಸರಕಾರ 2020ರ ಮಾರ್ಚ್ ತಿಂಗಳಲ್ಲಿ ಹೊರಡಿಸಿದ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ಎರಡು ವರ್ಷ ಸೆರೆ ಅಥವಾ ಹತ್ತು ಸಾವಿರ ರೂಪಾಯಿ ದಂಡದವರೆಗೆ ಶಿಕ್ಷೆಯನ್ನು ಇಟ್ಟಿತ್ತು. ಮರುವರ್ಷ ಅದು ಕಾಯಿದೆಯಾಯಿತು. ಕಾಸರಗೋಡು ಹಿಂದೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದರಿಂದ, ಕೇರಳ ಸಾರ್ವಜನಿಕ ಆರೋಗ್ಯ ಕಾಯಿದೆ 2023 ಬರುವವರೆಗೂ ನಮ್ಮ ಆರೋಗ್ಯಾಡಳಿತಕ್ಕೆ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆಯೇ ಆಧಾರವಾಗಿತ್ತು ಎಂಬುದು ಈ ಭಾಗದ ಅನೇಕರಿಗೆ ತಿಳಿಯದ ಸಂಗತಿ.

ಅವಧಿಯ ವಿಚಾರದಲ್ಲಿ ಸ್ವಲ್ಪ ನಿಂತು ಹೇಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ಅದರ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಎರಡು ತಿಂಗಳ ಆಯುಷ್ಯ. ರಾಜ್ಯ ಸರಕಾರ ಬೇಕೆಂದರೆ ಇನ್ನೂ ಆರು ತಿಂಗಳು ಮುಂದುವರಿಸಬಹುದು. ವಿಪತ್ತು ನಿರ್ವಹಣಾ ಕಾಯಿದೆಯಲ್ಲಿ ಇಂತಹ ಗಡುವು ಇಲ್ಲದಿರುವುದರಿಂದಲೇ ಅದರಡಿ ಹೊರಡುವ ಆದೇಶದಲ್ಲಿ ಕೊನೆಯ ದಿನಾಂಕವನ್ನೋ ಮರುಪರಿಶೀಲನೆಯ ದಿನಾಂಕವನ್ನೋ ಬರೆಯಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಜನವರಿ 10ರಂದು, ಅಂದರೆ ದೇಶಕ್ಕೆ ಕೋವಿಡ್ ಕಾಲಿಡುವ ಕೆಲವೇ ದಿನಗಳ ಮೊದಲು, 144ರ ಆದೇಶಗಳನ್ನು ಪ್ರಕಟಿಸಬೇಕು, ಅವುಗಳಲ್ಲಿ ಸಂಗತಿಗಳನ್ನು ನಮೂದಿಸಬೇಕು, ಅಪಾಯಕ್ಕೆ ತಕ್ಕಷ್ಟೇ ನಿರ್ಬಂಧ ಹೇರಬೇಕು, ಅದೇ ಆದೇಶವನ್ನು ಮರಳಿ ಮರಳಿ ಹೊರಡಿಸುವುದು ಅಧಿಕಾರದ ದುರುಪಯೋಗ ಎಂದು ಹೇಳಿತ್ತು. ಅದು ಅಂತರ್ಜಾಲ ಸ್ಥಗಿತ ಮತ್ತು ಕಾಶ್ಮೀರದ ಕುರಿತಾದ ತೀರ್ಪಾಗಿದ್ದರೂ ಕಡಲ ಕಿನಾರೆಗೂ ಅದೇ ಅಳತೆಗೋಲು ಅನ್ವಯಿಸುತ್ತದೆ. ಕೇರಳದಲ್ಲಿ ಇತರ ಪ್ರವಾಸಿ ತಾಣಗಳು 2020ರ ಅಕ್ಟೋಬರಿನಲ್ಲಿ ತೆರೆದರೆ ಬೀಚುಗಳು ತೆರೆದದ್ದು ನವೆಂಬರ್ 1ರಂದು. ಆ ಮೂರು ವಾರಗಳ ಅಂತರಕ್ಕೆ ಕಾರಣವಿತ್ತು; ಬೀಚಿಗೆ ಬರುವವರನ್ನು ಎಣಿಸಿ ಒಳಬಿಡಲು ಬಾಗಿಲೊಂದಿಲ್ಲ. ಆದರೆ ಯಾವಾಗ ತೆರೆಯುತ್ತದೆ ಎಂದು ಮೊದಲೇ ತಿಳಿಯದೆ ಕಿನಾರೆಯ ಗೂಡಂಗಡಿಯವರು ಸಾಲದ ಕಂತುಗಳನ್ನು ಮುಂದೂಡಲಾಗದೆ ಒದ್ದಾಡಿದ್ದನ್ನು ನಾನು ಹತ್ತಿರದಿಂದ ಕಂಡೆ.

ಹೊರದೇಶಗಳ ಎರಡು ಉದಾಹರಣೆಗಳು ಇಲ್ಲಿ ಪ್ರಯೋಜನಕ್ಕೆ ಬರುತ್ತವೆ. ಫ್ಲಾರಿಡಾದ ವಾಲ್ಟನ್ ಕೌಂಟಿ 2020ರ ಏಪ್ರಿಲ್ ಮೊದಲ ವಾರದಲ್ಲಿ ತನ್ನ ಬೀಚುಗಳನ್ನು ಮುಚ್ಚಿದಾಗ, ಮರಳಿನ ಭಾಗಕ್ಕೂ ಹಕ್ಕುಪತ್ರವಿದ್ದ ಮನೆ ಮಾಲೀಕರು ತಮ್ಮದೇ ಹಿತ್ತಲಿಗೆ ಇಳಿಯಲಾಗದೆ ನ್ಯಾಯಾಲಯಕ್ಕೆ ಹೋದರು. ನಮ್ಮಲ್ಲಿ ಆ ಪ್ರಶ್ನೆ ಏಳುವುದಿಲ್ಲ. ತೆರೆ ಬಡಿಯುವ ಮರಳು ಸರಕಾರದ್ದು. ಸಿಡ್ನಿಯ ಬೊಂಡಾಯ್ ಬೀಚನ್ನು ಮಾರ್ಚ್ 21ರಂದು ಮುಚ್ಚಿ ಏಪ್ರಿಲ್ 28ರಂದು ತೆರೆದಾಗ ಈಜುವವರಿಗೂ ಅಲೆಯ ಮೇಲೆ ಸರ್ಫಿಂಗ್ ಮಾಡುವವರಿಗೂ ಮಾತ್ರ ಅವಕಾಶ ಕೊಟ್ಟು ಮರಳಿನ ಮೇಲೆ ಕುಳಿತುಕೊಳ್ಳುವುದನ್ನು ನಿಷೇಧಿಸಿದರು. ಜಾಗವನ್ನು ಮುಚ್ಚುವ ಬದಲು ಅಲ್ಲಿ ನಡೆಯುವ ಚಟುವಟಿಕೆಯನ್ನು ಹೆಸರಿಸಿ ನಿಯಂತ್ರಿಸುವ ಆ ಕ್ರಮ ನಮಗೆ ಹೆಚ್ಚು ಬೇಕು, ಏಕೆಂದರೆ ಕಾಸರಗೋಡಿನ ಕಸಬ, ಕುಂಬಳೆ, ಶಿರಿಯ, ಮಂಜೇಶ್ವರದ ಕಿನಾರೆಗಳು ಜನರ ಕೆಲಸದ ಜಾಗ, ಮನೆಯಂಗಳ. ಅಲ್ಲಿ ದೋಣಿ ಎಳೆಯುತ್ತಾರೆ, ಬಲೆ ಹರಡುತ್ತಾರೆ, ಮೀನು ಒಣಗಿಸುತ್ತಾರೆ, ಬೆಳಗಿನ ಹೊತ್ತು ದಡದಲ್ಲೇ ಮೀನು ಹರಾಜು ಹಾಕುತ್ತಾರೆ. ಕೇಂದ್ರ ಗೃಹ ಸಚಿವಾಲಯ 2020ರ ಏಪ್ರಿಲ್ 10ರಂದು ಮೀನುಗಾರಿಕೆಯನ್ನು ಲಾಕ್‌ಡೌನಿನಿಂದ ಹೊರಗಿಟ್ಟಿತು. ಕೇರಳದಲ್ಲಿ ಹರಾಜನ್ನು ನಿಲ್ಲಿಸಿ, ಗುಂಪು ಸೇರದಂತೆ ನಿಗದಿತ ಬೆಲೆಗೆ ಮೀನು ಮಾರುವ ವ್ಯವಸ್ಥೆ ಮಾಡಿದರು. ಮೀನುಗಾರಿಕೆ ಉಳಿಯಿತು, ಗುಂಪು ಕರಗಿತು. ನಾನು ಕಂಡ ನಿರ್ಬಂಧಗಳಲ್ಲಿ ಇದು ಅತ್ಯಂತ ವಿವೇಕದ್ದು.

ಭಾಷೆಯ ವಿಷಯವನ್ನು ಭಾವನೆಯ ಪ್ರಶ್ನೆಯೆಂದು ಬದಿಗೆ ಸರಿಸುವವರಿದ್ದಾರೆ. ಇದು ಅಪರಾಧದ ವ್ಯಾಖ್ಯೆಗೇ ಸೇರಿದ ಪ್ರಶ್ನೆ. ಸರಕಾರಿ ಅಧಿಕಾರಿಯ ಆದೇಶವನ್ನು ಉಲ್ಲಂಘಿಸಿದ ಅಪರಾಧವನ್ನು ಹೇಳುತ್ತಿದ್ದ ದಂಡ ಸಂಹಿತೆಯ 188ನೇ ಸೆಕ್ಷನ್‌ನಲ್ಲೂ ಅದರ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್‌ನಲ್ಲೂ ಆದೇಶವಿದೆಯೆಂದು ಆರೋಪಿಗೆ ತಿಳಿದಿರಬೇಕು ಎಂಬುದು ಅಪರಾಧದ ಒಂದು ಅಂಗ. ಮಂಜೇಶ್ವರ ತಾಲೂಕಿನ ಕಿನಾರೆಯಲ್ಲಿ ಮಲೆಯಾಳದ ಫಲಕವೊಂದನ್ನಷ್ಟೇ ನಿಲ್ಲಿಸಿ, ಕನ್ನಡ ಶಾಲೆಯಲ್ಲಿ ಓದಿ ಕನ್ನಡವನ್ನಷ್ಟೇ ಓದಬಲ್ಲವನಿಗೆ ಆದೇಶ ತಿಳಿದಿತ್ತು ಎಂದು ಸಾಧಿಸುವುದು ಪ್ರಾಸಿಕ್ಯೂಷನ್‌ಗೆ ಸುಲಭವಲ್ಲ. ಅದಕ್ಕಿಂತ ಮುಖ್ಯವಾಗಿ, ರೋಗದ ಕಾಲದಲ್ಲಿ ಓದಲಾಗದ ಎಚ್ಚರಿಕೆ ಯಾರ ಜೀವವನ್ನೂ ಉಳಿಸುವುದಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರಿಗೆ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸುವ, ಉತ್ತರವನ್ನು ಕನ್ನಡದಲ್ಲೇ ಪಡೆಯುವ ಹಕ್ಕನ್ನು ಕೊಟ್ಟಿದೆ. ಬೀಚ್ ಮುಚ್ಚಿರುವುದು ಯಾರಿಗೆ, ಎಲ್ಲಿಯ ತನಕ ಎಂದು ಕೇಳಿ ಕನ್ನಡದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ ಎಂದು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ. ಆ ಒಂದು ಕಾಗದ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ನಮ್ಮ ಜಿಲ್ಲೆಗೆ ಗಡಿಯ ತೊಡಕೂ ಇದೆ. ಮಂಜೇಶ್ವರದ ಕಣ್ವತೀರ್ಥದಿಂದ ಕರ್ನಾಟಕದ ಉಚ್ಚಿಲ, ಸೋಮೇಶ್ವರದ ಕಡೆಗೆ ಮರಳು ಒಂದೇ ಸಮನೆ ಹರಡಿಕೊಂಡಿದೆ. ಕಾಸರಗೋಡು ಕಲೆಕ್ಟರರ ಆದೇಶ ರಾಜ್ಯದ ಗಡಿಯಲ್ಲಿ ನಿಂತುಬಿಡುತ್ತದೆ. ಒಂದು ಬದಿಯಲ್ಲಿ ಮಾತ್ರ ಮುಚ್ಚಿದರೆ ಆ ಸಂಜೆ ಬರಬೇಕಾದ ಜನ ಇನ್ನೊಂದು ಬದಿಗೆ ಹೋಗಿ ಸೇರುತ್ತಾರೆ, ಸೋಂಕು ಮಾತ್ರ ಅವರೊಂದಿಗೆ ಮನೆಗೆ ಮರಳುತ್ತದೆ. 2020ರಲ್ಲಿ ತಲಪಾಡಿಯ ರಸ್ತೆ ಮುಚ್ಚಿ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ತಲಪಲಾಗದೆ ವಿವಾದ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದನ್ನು ನಾವು ಮರೆತಿಲ್ಲ. ಎರಡು ಜಿಲ್ಲಾಡಳಿತಗಳು ಕಿನಾರೆಯ ವಿಷಯದಲ್ಲಾದರೂ ಒಂದೇ ದಿನ, ಒಂದೇ ಒಕ್ಕಣೆಯ ಆದೇಶ ಹೊರಡಿಸುವುದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ.

ಪರಿಹಾರದ ದಾರಿ ಕಿರಿದು. ವಿಪತ್ತು ನಿರ್ವಹಣಾ ಕಾಯಿದೆಯ 71ನೇ ಸೆಕ್ಷನ್ ಪ್ರಕಾರ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಹೊರತು ಬೇರೆ ನ್ಯಾಯಾಲಯಗಳು ಇಂತಹ ಆದೇಶಗಳ ವಿರುದ್ಧದ ದಾವೆಯನ್ನು ವಿಚಾರಿಸುವಂತಿಲ್ಲ. ಕಾಸರಗೋಡಿನ ಬಡ ಮೀನುಗಾರ ರಾತ್ರಿಯ ರೈಲು ಹತ್ತಿ ಎರ್ನಾಕುಳಕ್ಕೆ ಹೋಗಬೇಕು. 163ನೇ ಸೆಕ್ಷನ್‌ನ ಆದೇಶವಾದರೆ ಅದನ್ನು ಹೊರಡಿಸಿದ ಮ್ಯಾಜಿಸ್ಟ್ರೇಟರಲ್ಲೇ ರದ್ದತಿಗೋ ಬದಲಾವಣೆಗೋ ಅರ್ಜಿ ಸಲ್ಲಿಸಬಹುದು, ಮತ್ತು ಅದು ನಮ್ಮೂರಲ್ಲೇ ಆಗುವ ಕೆಲಸ. ಗೂಡಂಗಡಿ ಹರಾಜಿನಲ್ಲಿ ಹಿಡಿದವರಿಗೆ ವ್ಯಾಪಾರದ ನಷ್ಟ ತುಂಬಿಕೊಡುವ ನಿಯಮ ಈ ಕಾಯಿದೆಗಳಲ್ಲಿಲ್ಲ. ಆದರೆ ಮುಚ್ಚಿದ ದಿನಗಳಷ್ಟು ಬಾಡಿಗೆಯನ್ನು ಮನ್ನಾ ಮಾಡಬೇಕೆಂದು ಮುಚ್ಚಿದ ವಾರದೊಳಗೆ ಪಂಚಾಯತಿಗೆ ಬರೆದುಕೊಟ್ಟವರಿಗೆ ಮಾತನಾಡಲು ಆಧಾರವಿರುತ್ತದೆ, ವರ್ಷ ಕಳೆದ ಮೇಲೆ ಬಂದವರಿಗೆ ಇರುವುದಿಲ್ಲ.

ಬಲೆ ಸರಿಪಡಿಸುತ್ತಿದ್ದ ಆ ಮೀನುಗಾರರ ಪ್ರಕರಣ, ಮೂಲ ಆದೇಶವನ್ನು ನ್ಯಾಯಾಲಯದ ಮುಂದಿಟ್ಟು ಅದರಲ್ಲಿದ್ದ "ಪ್ರವಾಸಿಗರ" ಎಂಬ ಪದವನ್ನು ಓದಿ ತೋರಿಸಿದ ಮೇಲೆ ಕೊನೆಗೊಂಡಿತು. ಅಷ್ಟರಲ್ಲಿ ಅವರು ಆರು ಬಾರಿ ನ್ಯಾಯಾಲಯಕ್ಕೆ ಬಂದಿದ್ದರು. ಆ ಆರೂ ದಿನ ದೋಣಿ ಅವರಿಲ್ಲದೆ ಕಡಲಿಗೆ ಇಳಿದಿತ್ತು, ಪಾಲು ಅವರಿಗೆ ಸಿಕ್ಕಿರಲಿಲ್ಲ.